ಸಾಕುತಾಯಿ ಸರ್ಕಾರಕ್ಕೆ ಬಿನ್ನವತ್ತಳೆ

ಆಸ್ಟ್ರೇಲಿಯಾದ ಆರು ರಾಜ್ಯಗಳಲ್ಲೂ ಎರಡು ಪ್ರಾಂತ್ಯಗಳಲ್ಲೂ ಬೇರೆ ಬೇರೆ ನಾಮಾಂಕಿತಗಳಿಂದ ವಿರಾಜಿಸುತ್ತ, ಆಗಾಗ ಹೆಸರು ಬದಲಿಸಿಕೊಂಡರೂ ಸ್ವಭಾವದಲ್ಲಿ ಕಿಂಚಿತ್ತೂ ಚಂಚಲರಾಗದೆ, ಅಲ್ಲಿನ ಮೂಲನಿವಾಸಿಗಳಾದ ಅಬಾರಿಜಿನಲ್ ಜನರ ಮಕ್ಕಳನ್ನು ಅವರ ಹೆತ್ತವರಿಂದ ಬಿಡಿಸಿ, ಸಾಕಿ, ಹದಿನೆಂಟು ತುಂಬುತ್ತಲೇ ಲೋಕಕ್ಕೆ ಸಮರ್ಪಿಸುತ್ತಿರುವ ಮಕ್ಕಳ ರಕ್ಷಣಾ ಇಲಾಖೆಗಳ ಸನ್ನಿಧಿಯಲ್ಲಿ, ತಮ್ಮ ಗುಣಾತಿಶಯಗಳಿಗೆ ಮಾರುಹೋದ ಅಭಿಮಾನಿಯೊಬ್ಬ ಭಕ್ತಿಪೂರ್ವಕವಾಗಿ ಅರ್ಪಿಸುವ ಬಿನ್ನವತ್ತಳೆ.

ಮಹಾಪೋಷಕರೇ,

ಲೋಕದ ಸಾಮಾನ್ಯ ತಂದೆತಾಯಿಗಳಿಗೆ ಎಲ್ಲಿ ನಿಲ್ಲಿಸಬೇಕೆಂಬುದು ತಿಳಿಯದು. ಮಗನಿಗೆ ಇಪ್ಪತ್ತೈದಾದರೂ ತಟ್ಟೆ ಮುಚ್ಚಿಟ್ಟು ಕಾಯುತ್ತಾರೆ. ಕೆಲಸ ಹೋಯಿತೆಂದು ಬಂದರೆ ಹಳೆಯ ಕೋಣೆಯ ಧೂಳು ಹೊಡೆದು ಹಾಸಿಗೆ ಹಾಸುತ್ತಾರೆ. ಮದುವೆಯಾಗಿ ಹೋದ ಮಗಳ ಬಾಣಂತನವನ್ನೂ ತಲೆಯ ಮೇಲೆ ಎಳೆದುಕೊಳ್ಳುತ್ತಾರೆ. ಸಿಡ್ನಿ, ಮೆಲ್ಬರ್ನ್‌ಗಳ ಅನುಕೂಲಸ್ಥ ಮನೆಗಳಿಗೂ ಈ ರೋಗ ತಗುಲಿದೆ. ಬಾಡಿಗೆ ದುಬಾರಿ ಎಂಬ ನೆಪ ಹೇಳಿಕೊಂಡು ಇಪ್ಪತ್ತು ದಾಟಿದ ಮಕ್ಕಳು ಅಮ್ಮನ ಫ್ರಿಜ್ಜಿಗೂ ಅಪ್ಪನ ಕಾರಿಗೂ ಅಂಟಿಕೊಂಡೇ ಇರುತ್ತಾರೆ, ಹೆತ್ತವರು ಅದನ್ನು ಪ್ರೀತಿ ಎಂದು ತಪ್ಪು ತಿಳಿದಿರುತ್ತಾರೆ.

ತಾವು ಮಾತ್ರ ಈ ಮೋಹವನ್ನು ಗೆದ್ದವರು. ನ್ಯೂ ಸೌತ್ ವೇಲ್ಸ್‌ನಲ್ಲಿ ಮಕ್ಕಳ ಕೋರ್ಟು ಮಗುವೊಂದರ ಹೊಣೆಯನ್ನು ಮಂತ್ರಿಗೆ ಒಪ್ಪಿಸಿತೆಂದರೆ ಕಾನೂನಿನ ಕಣ್ಣಲ್ಲಿ ಮಂತ್ರಿಯೇ ಅದರ ತಂದೆ, ಮಂತ್ರಿಯೇ ಅದರ ತಾಯಿ. ಇಷ್ಟು ದೊಡ್ಡ ಮನೆತನದ ಆ ಮಗು ಹದಿನೇಳನೇ ವಯಸ್ಸಿನ ಕೊನೆಯ ರಾತ್ರಿ ಮಲಗುತ್ತದೆ; ಬೆಳಗಾಗುವಷ್ಟರಲ್ಲಿ ಆದೇಶದ ಅವಧಿ ಮುಗಿದಿರುತ್ತದೆ, ಮಂತ್ರಿವರ್ಯರು ಕಣ್ಣಂಚೂ ಒದ್ದೆಯಾಗದೆ ಪುತ್ರವಿಯೋಗವನ್ನು ಜಯಿಸಿರುತ್ತಾರೆ. ಭಾಗವತದ ಭರತ ಚಕ್ರವರ್ತಿ ರಾಜ್ಯಕೋಶಗಳನ್ನೆಲ್ಲ ತೊರೆದು ಕಾಡು ಸೇರಿದವನು, ತಬ್ಬಲಿ ಜಿಂಕೆಮರಿಯೊಂದನ್ನು ಸಾಕಿದ್ದರಿಂದ ಅದರ ಮೋಹ ಬಿಡಲಾಗದೆ ಮರುಜನ್ಮದಲ್ಲಿ ತಾನೇ ಜಿಂಕೆಯಾಗಿ ಹುಟ್ಟಬೇಕಾಯಿತು. ಸಾವಿರ ಸಾವಿರ ಮಕ್ಕಳನ್ನು ಸಾಕಿಯೂ ತಮಗೆ ಆ ಗತಿ ಬರುವ ಭಯ ಎಳ್ಳಷ್ಟೂ ಇಲ್ಲವೆಂಬುದು ನಮ್ಮ ಭಾಗ್ಯ.

ಪರಂಪರಾನಿಷ್ಠರೇ,

ಎಳೆಯರನ್ನು ಸ್ವಾವಲಂಬಿಗಳನ್ನಾಗಿಸುವ ಈ ವಿದ್ಯೆ ತಮಗೆ ನಿನ್ನೆ ಮೊನ್ನೆ ಒಲಿದದ್ದಲ್ಲ. ನ್ಯೂ ಸೌತ್ ವೇಲ್ಸ್‌ನ ತಮ್ಮ ಪೂರ್ವಸೂರಿಗಳು 1909ರಲ್ಲೇ ಅಬಾರಿಜಿನಲ್ ಜನರ ರಕ್ಷಣೆಗೆಂದು ಕಾಯಿದೆ ಮಾಡಿ ಮಂಡಳಿಯೊಂದರ ಕೈಗೆ ಅಧಿಕಾರ ಕೊಟ್ಟರು. ಆದರೆ ಮಗುವನ್ನು ಕರೆದೊಯ್ಯುವ ಮೊದಲು ಕೋರ್ಟಿನಲ್ಲಿ ಅದರ ತಾಯಿಯ ತಪ್ಪನ್ನು ತೋರಿಸಬೇಕಾಗಿತ್ತು. ಇದು ಆ ತಾಯಿಯ ಮನಸ್ಸಿಗೆ ಎಷ್ಟು ನೋವು! ಆ ನೋವನ್ನು ತಪ್ಪಿಸಲೆಂದೇ 1915ರ ತಿದ್ದುಪಡಿ ಬಂತು. ಅಂದಿನಿಂದ ಕೋರ್ಟೂ ಬೇಡ, ಸಾಕ್ಷಿಯೂ ಬೇಡ, ತಾಯಿ ತಪ್ಪು ಮಾಡಿರಬೇಕಾದ ಅಗತ್ಯವೂ ಇಲ್ಲ ಎಂದಾಗಿ, ನಿರಪರಾಧಿ ಕುಟುಂಬಗಳಿಗೂ ಮಂಡಳಿಯ ಕೃಪೆ ಯಾವ ತಾರತಮ್ಯವಿಲ್ಲದೆ ದೊರೆಯುವಂತಾಯಿತು.

ಕೂಟಮಂಡ್ರಾದ ಬಾಲಿಕಾಗೃಹದಲ್ಲಿ ಹೆಣ್ಣುಮಕ್ಕಳಿಗೆ ಒಗೆಯುವುದು, ಒರೆಸುವುದು, ಬಡಿಸುವುದು ಮುಂತಾದ ಕಲೆಗಳನ್ನು ಕಲಿಸಿ, ಇನ್ನೂ ಮೀಸೆಮೊಳೆಯದ ಅವರ ಅಣ್ಣತಮ್ಮಂದಿರಿಗೆ ಬೇರೆ ಕಡೆ ಹೊಲದ ಕೆಲಸ ಕಲಿಸಿ, ಹದಿನಾಲ್ಕರ ಆಸುಪಾಸಿನಲ್ಲೇ ಅವರನ್ನೆಲ್ಲ ದೂರದ ಕುರಿ ಸಾಕಣೆಯ ಎಸ್ಟೇಟುಗಳಿಗೂ ಪಟ್ಟಣದ ದೊಡ್ಡ ಮನೆಗಳಿಗೂ ಕೆಲಸಕ್ಕೆ ಕಳಿಸಲಾಗುತ್ತಿತ್ತು. ಸಂಬಳವೆಂಬ ಪ್ರಲೋಭನೆ ಅವರ ಕೈಗೆ ಸಿಕ್ಕದಂತೆ ಮಂಡಳಿ ಅದನ್ನು ತನ್ನ ಟ್ರಸ್ಟ್ ಖಾತೆಯಲ್ಲಿ ಜೋಪಾನ ಮಾಡಿತು. ಎಂಥ ಜೋಪಾನವೆಂದರೆ, 2004ರಲ್ಲಿ ಆ ಹಣವನ್ನು ಹಿಂದಿರುಗಿಸುವ ಯೋಜನೆ ಬರುವ ಹೊತ್ತಿಗೆ ದುಡಿದವರಲ್ಲಿ ಎಷ್ಟೋ ಮಂದಿ ದುಂದುಗಾರಿಕೆಯ ಸಕಲ ಸಾಧ್ಯತೆಗಳನ್ನೂ ಮೀರಿ ಸ್ವರ್ಗಸ್ಥರಾಗಿದ್ದರು. ಕೆಂಪ್ಸಿ ಬಳಿಯ ಕಿಂಚೆಲಾ ಬಾಲಕರ ಗೃಹವಂತೂ 1924ರಿಂದ 1970ರವರೆಗೆ ನಡೆದ ಒಂದು ತಪೋವನ. ಅಲ್ಲಿ ಹುಡುಗರಿಗೆ ಹೆಸರಿನ ಬದಲು ಸಂಖ್ಯೆ ಕೊಟ್ಟು, ನಾನು ಯಾರ ಮಗ, ಯಾವ ಊರಿನವನು ಎಂಬ ಅಹಂಕಾರದ ಬೇರನ್ನೇ ಕಿತ್ತರು. ಆ ಪರಂಪರೆಯನ್ನು ತಾವು ಸುಧಾರಿಸಿದ್ದೀರಿ ಎಂಬುದನ್ನೂ ಇಲ್ಲಿ ಹೇಳದಿದ್ದರೆ ಕೃತಘ್ನತೆಯಾದೀತು: ಇಂದು ಮಗುವಿಗೆ ಹೆಸರೂ ಇರುತ್ತದೆ, ಫೈಲ್ ನಂಬರೂ ಇರುತ್ತದೆ, ಯಾವುದು ಕೇಳಿದರೆ ಕೆಲಸವಾಗುತ್ತದೆಂಬುದು ಮಗುವಿಗೇ ಕ್ರಮೇಣ ತಿಳಿಯುತ್ತದೆ.

ಶ್ರವಣಕುಶಲರೇ,

ತಮ್ಮಷ್ಟು ತಾಳ್ಮೆಯಿಂದ ಬುದ್ಧಿಮಾತು ಕೇಳಿಸಿಕೊಂಡವರು ಭೂಮಂಡಲದಲ್ಲಿ ಮತ್ತೊಬ್ಬರಿಲ್ಲ. ಜೈಲು, ಲಾಕಪ್ಪುಗಳಲ್ಲಿ ಸತ್ತ 99 ಮಂದಿ ಅಬಾರಿಜಿನಲ್ ಜನರ ಬದುಕನ್ನು ಕೆದಕಿ ನೋಡಿದ ರಾಯಲ್ ಕಮಿಷನ್ 1991ರಲ್ಲಿ ವರದಿ ಕೊಟ್ಟು, ಅವರಲ್ಲಿ 43 ಮಂದಿ ಬಾಲ್ಯದಲ್ಲೇ ಮನೆಯವರಿಂದ ಬೇರ್ಪಟ್ಟಿದ್ದರೆಂದು ಹೇಳಿ, 339 ಶಿಫಾರಸುಗಳನ್ನು ಮುಂದಿಟ್ಟಿತು. ತಾವು ಕೇಳಿದಿರಿ. 1910ರಿಂದ 1970ರವರೆಗೆ ಹತ್ತು ಮೂಲನಿವಾಸಿ ಮಕ್ಕಳಲ್ಲಿ ಒಂದರಿಂದ ಹಿಡಿದು ಮೂರರಲ್ಲಿ ಒಂದರವರೆಗೂ ಕಸಿದುಕೊಳ್ಳಲಾಗಿತ್ತೆಂದು ಅಂದಾಜು ಮಾಡಿದ 'ಬ್ರಿಂಗಿಂಗ್ ದೆಮ್ ಹೋಮ್' ವರದಿ 1997ರಲ್ಲಿ 54 ಶಿಫಾರಸುಗಳನ್ನು ಕೊಟ್ಟಿತು. ಅದನ್ನೂ ಕೇಳಿದಿರಿ. 2008ರ ಫೆಬ್ರವರಿ 13ರಂದು ಪ್ರಧಾನಿ ಕೆವಿನ್ ರಡ್ ಕ್ಯಾನ್‌ಬೆರಾದ ಸಂಸತ್ತಿನಲ್ಲಿ ನಿಂತು ಹೀಗೆ ಕಸಿದೊಯ್ಯಲಾದ 'ಕದ್ದೊಯ್ದ ಪೀಳಿಗೆ'ಗಳ ಕ್ಷಮೆ ಕೇಳಿದಾಗ ದೇಶಕ್ಕೆ ದೇಶವೇ ಕಣ್ಣೊರೆಸಿಕೊಂಡಿತು, ತಾವೂ ಕರವಸ್ತ್ರ ತೆಗೆದಿರಿ.

ಆದರೆ ಕ್ಷಮೆ ಕೇಳಿದ ಮೇಲೆ ಕೈಕಟ್ಟಿ ಕೂರುವುದು ಸೋಮಾರಿಗಳ ಲಕ್ಷಣ. ತಾವು ಮರುದಿನ ಬೆಳಿಗ್ಗೆಯೇ ಕೆಲಸಕ್ಕೆ ಹಾಜರಾದಿರಿ. ಅಂದಿನಿಂದ ಇಂದಿಗೆ ತಮ್ಮ ಆಶ್ರಯದಲ್ಲಿರುವ ಮೂಲನಿವಾಸಿ ಮಕ್ಕಳ ಸಂಖ್ಯೆ ಎರಡು ಪಟ್ಟಿಗೂ ಮೀರಿ ಬೆಳೆದಿದೆ. ಉಳಿದ ಮಕ್ಕಳಿಗೆ ಹೋಲಿಸಿದರೆ ತಮ್ಮ ಬಾಗಿಲಿಗೆ ಬರುವ ಯೋಗ ಈ ಮಕ್ಕಳಿಗೆ ಸುಮಾರು ಹತ್ತು ಪಟ್ಟು ಹೆಚ್ಚು. ಮೇಗನ್ ಡೇವಿಸ್ ಅವರು 1,144 ಮಕ್ಕಳ ಪ್ರಕರಣಗಳನ್ನು ಪರಿಶೀಲಿಸಿ 2019ರಲ್ಲಿ ಕೊಟ್ಟ 'ಫ್ಯಾಮಿಲಿ ಈಸ್ ಕಲ್ಚರ್' ವರದಿಯಲ್ಲಿ, ಗುರಿ ಮರೆತರೂ ವಿಧಿವಿಧಾನ ಬಿಡದ ತಮ್ಮ ನಡವಳಿಕೆಯನ್ನು ಒಂದು ಕುಂದೆಂಬಂತೆ ಬರೆದಿದ್ದಾರೆ. ಫಲಾಪೇಕ್ಷೆಯಿಲ್ಲದೆ ಕರ್ಮ ಮಾಡುವುದೇ ಪರಮಧರ್ಮವೆಂದು ಕೇಳಿ ಬೆಳೆದ ನಮ್ಮಂಥವರಿಗೆ ಅದು ಕುಂದಾಗಿ ಕಾಣದು. ಫಾರಂ ತುಂಬುವುದು ತಮ್ಮ ಅಧಿಕಾರ. ಮಗುವಿಗೆ ಏನಾಯಿತೆಂಬುದು ಫಲ. 2031ರ ಹೊತ್ತಿಗೆ ಈ ಹತ್ತು ಪಟ್ಟಿನ ಅಂತರವನ್ನು ಶೇಕಡಾ 45ರಷ್ಟು ತಗ್ಗಿಸುವುದಾಗಿ ಎಲ್ಲ ಸರ್ಕಾರಗಳೂ 2020ರಲ್ಲಿ ಸಹಿ ಹಾಕಿವೆ. ಗುರಿ ಒಂದು ದಿಕ್ಕಿಗೂ ಅಂಕಿಅಂಶ ಇನ್ನೊಂದು ದಿಕ್ಕಿಗೂ ನಡೆದಿರುವುದನ್ನು ಕಂಡು ಕಂಗಾಲಾಗದೆ, ಪ್ರತಿವರ್ಷ ಅದೇ ಗಾಂಭೀರ್ಯದಿಂದ ಪ್ರಗತಿ ವರದಿಯ ಮುಖಪುಟಕ್ಕೆ ಮೂಲನಿವಾಸಿ ಶೈಲಿಯ ಚುಕ್ಕಿಚಿತ್ರ ಹಾಕಿಸುವ ತಮ್ಮ ಸ್ಥಿತಪ್ರಜ್ಞತೆಗೆ ನಮೋ ನಮಃ.

ಬಾಂಧವ್ಯಪ್ರಿಯರೇ,

ಮಗುವನ್ನು ತಾಯಿಯಿಂದ ಬಿಡಿಸಲೇಬೇಕಾದರೆ ಮೊದಲು ನೆಂಟರಿಷ್ಟರ ಮನೆ, ಆಮೇಲೆ ಅದೇ ಸಮುದಾಯದ ಮನೆ, ಆಮೇಲೆ ಬೇರೆ ಮೂಲನಿವಾಸಿಗಳ ಮನೆ, ಯಾವುದೂ ಸಿಕ್ಕದಿದ್ದರೆ ಮಾತ್ರ ಹೊರಗಿನವರ ಮನೆ ಎಂಬ ಕ್ರಮವನ್ನು 1980ರ ದಶಕದಿಂದ ಒಂದೊಂದಾಗಿ ರಾಜ್ಯಗಳು ಒಪ್ಪಿ ಕಾನೂನಿಗೆ ಸೇರಿಸಿವೆ. ತಮಗೆ ಈ ಪಟ್ಟಿಯ ಮೇಲೆ ಅಪಾರ ಗೌರವ. ಅದನ್ನು ಪ್ರತಿ ಫೈಲಿನಲ್ಲೂ ಲಗತ್ತಿಸಿರುತ್ತೀರಿ. ಆದರೂ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಮಕ್ಕಳು ಪಟ್ಟಿಯ ಕೊನೆಯ ಸಾಲಿಗೇ ತಲುಪುತ್ತಾರೆಂದರೆ ಅದಕ್ಕೆ ತಮ್ಮ ಪರೀಕ್ಷೆಯ ಕಟ್ಟುನಿಟ್ಟೇ ಕಾರಣ. ಅಜ್ಜಿ ಬಂದು ಮೊಮ್ಮಗಳನ್ನು ನಾನು ನೋಡಿಕೊಳ್ಳುತ್ತೇನೆ ಎಂದರೆ ತಾವು ಮಾತಿಗೆ ಮರುಳಾಗುವುದಿಲ್ಲ. ಮನೆಯಲ್ಲಿ ಕೋಣೆ ಎಷ್ಟು, ಮಲಗುವವರು ಎಷ್ಟು, ಹಜಾರದಲ್ಲಿ ಮಲಗುವ ಚಿಕ್ಕಪ್ಪನ ಮೇಲೆ ಇಪ್ಪತ್ತು ವರ್ಷದ ಕೆಳಗೆ ಯಾವ ಕೇಸು ಬಿದ್ದಿತ್ತು ಎಂಬುದನ್ನೆಲ್ಲ ಅಳೆದು ತೂಗುತ್ತೀರಿ. ಅಷ್ಟರಲ್ಲಿ ಮಗು ನೂರಾರು ಕಿಲೋಮೀಟರ್ ಆಚೆಯ ಅಪರಿಚಿತರ ಮನೆಗೆ ಹೊಂದಿಕೊಂಡಿರುತ್ತದೆ, ಹೊಂದಿಕೊಂಡ ಮಗುವನ್ನು ಕದಲಿಸುವುದು ಹಿಂಸೆಯೆಂದು ತಮ್ಮ ಕರುಣೆ ಅಡ್ಡಬರುತ್ತದೆ. ಮನೆಯ ಮೂಲೆಯಲ್ಲಿ ಕೂತು ಕಾಲ ಕಳೆಯಬಹುದಾಗಿದ್ದ ಗನ್ನೆಡಾ ಊರಿನ ಅಜ್ಜಿಯಂದಿರು 2014ರಲ್ಲಿ ಸಂಘ ಕಟ್ಟಿಕೊಂಡು, ಫಲಕ ಹಿಡಿದು ಬೀದಿಗೆ ಬಂದರು. ಇಳಿವಯಸ್ಸಿನ ಹೆಂಗಸರಿಗೆ ಸಾರ್ವಜನಿಕ ಜೀವನ ಕಲ್ಪಿಸಿಕೊಟ್ಟ ಪುಣ್ಯವೂ ತಮ್ಮದೇ.

ಹಾಗೆಂದು ಮಗುವಿನ ಸಂಸ್ಕೃತಿಯನ್ನು ತಾವು ಮರೆಯುವವರಲ್ಲ. ಅದಕ್ಕೆಂದೇ ಸಾಂಸ್ಕೃತಿಕ ಯೋಜನೆ ಎಂಬ ಪತ್ರವಿದೆ. ಅಬಾರಿಜಿನಲ್ ಜನ ತಂತಮ್ಮ ಕುಲಬಾಂಧವರನ್ನು 'ಮಾಬ್' ಎನ್ನುತ್ತಾರೆ. ಹೊಸಬರು ಕಂಡರೆ ಮೊದಲು ಕೇಳುವುದೇ ನಿನ್ನ ಮಾಬ್ ಯಾವುದು ಎಂದು. ಆ ಪತ್ರದಲ್ಲಿ ಮಗುವಿನ ಮಾಬ್ ವಿರಾಜುರಿಯೋ ಕಮಿಲರೋಯಿಯೋ ಎಂದು ಬರೆಯುವ ಜಾಗದಲ್ಲಿ 'ವಿಚಾರಿಸಲಾಗುತ್ತಿದೆ' ಎಂದು ಬರೆದಿರುತ್ತದೆ. ಮಗುವಿಗೆ ಆರು ವರ್ಷವಾದಾಗ ವಿಚಾರಿಸಲಾಗುತ್ತಿರುತ್ತದೆ, ಹನ್ನೊಂದಾದಾಗ ವಿಚಾರಿಸಲಾಗುತ್ತಿರುತ್ತದೆ, ಹದಿನೇಳಾದಾಗಲೂ ಆ ವಿಚಾರಣೆಯ ಉತ್ಸಾಹ ಕುಗ್ಗಿರುವುದಿಲ್ಲ. ನಡುವೆ ಪ್ರತಿ ಜುಲೈ ತಿಂಗಳಲ್ಲಿ ಮೂಲನಿವಾಸಿ ಸಂಸ್ಕೃತಿಯ ಉತ್ಸವವಾದ ನೈಡಾಕ್ ಸಪ್ತಾಹದ ಚಹಾಕೂಟವಿರುತ್ತದೆ, ಅಬಾರಿಜಿನಲ್ ಧ್ವಜಕ್ಕೆ ಬಣ್ಣ ತುಂಬುವ ಹಾಳೆಯಿರುತ್ತದೆ. 1971ರಲ್ಲಿ ಆ ಧ್ವಜವನ್ನು ರಚಿಸಿದ ಹೆರಾಲ್ಡ್ ಥಾಮಸ್ ಕೂಡ ಎಳವೆಯಲ್ಲೇ ಮನೆಯವರಿಂದ ಬೇರ್ಪಟ್ಟು ಪರರ ಆಶ್ರಯದಲ್ಲಿ ಬೆಳೆದವರು. ಆದ್ದರಿಂದ ಕಪ್ಪು, ಕೆಂಪು, ಹಳದಿ ಕ್ರೇಯಾನುಗಳ ಆ ಒಂದು ಹಾಳೆಯಲ್ಲಿ ತಾವು ಕಲಿಸಬೇಕಾದ ಸಂಸ್ಕೃತಿಯೆಲ್ಲ ಬಂದಂತಾಯಿತು. ದೊಡ್ಡದಾದ ಮೇಲೆ ಮಗು ತನ್ನ ಫೈಲನ್ನೇ ಕೊಡಿರೆಂದು ಅರ್ಜಿ ಹಾಕಿದರೆ ಕೊಡುತ್ತೀರಿ, ಆದರೆ ಅನ್ಯರ ಗೋಪ್ಯತೆಗೆ ಭಂಗ ಬಾರದಂತೆ ಹೆಸರುಗಳ ಮೇಲೆ ಕಪ್ಪು ಪಟ್ಟಿ ಎಳೆದು ಕೊಡುತ್ತೀರಿ. ಅನ್ಯರೆಂದರೆ ಆ ಮಗುವಿನ ದೊಡ್ಡಮ್ಮ, ಸೋದರಮಾವ, ಒಮ್ಮೊಮ್ಮೆ ಒಡಹುಟ್ಟಿದವರು. ಮನೆಯ ಮಗುವಿನಿಂದಲೇ ಮನೆಯ ಗುಟ್ಟು ಕಾಯುವ ಇಂಥ ವಿಶ್ವಾಸಾರ್ಹತೆ ಬ್ಯಾಂಕಿನ ಲಾಕರಿನಲ್ಲೂ ಸಿಕ್ಕದು.

ಸ್ವಾವಲಂಬನಾಚಾರ್ಯರೇ,

ಈಗ ಆ ಶುಭದಿನಕ್ಕೆ ಬರೋಣ. ಹದಿನೈದನೇ ವಯಸ್ಸಿನಿಂದಲೇ ಹೊರಹೋಗುವ ಯೋಜನೆ ತಯಾರಾಗಬೇಕೆಂದು ಕೈಪಿಡಿ ಹೇಳುತ್ತದೆ. ಎಷ್ಟೋ ಮಕ್ಕಳಿಗೆ ಅಂಥದೊಂದು ಯೋಜನೆ ಇದೆಯೆಂಬುದೇ ತಿಳಿದಿರುವುದಿಲ್ಲ. ಹುಟ್ಟುಹಬ್ಬದ ಉಡುಗೊರೆಯನ್ನು ಮೊದಲೇ ಹೇಳಿಬಿಟ್ಟರೆ ಅದರ ಸೊಗಸೇನು ಉಳಿಯಿತು? ಬೆಳಿಗ್ಗೆ ಕೇಸ್‌ವರ್ಕರ್ ಬರುತ್ತಾರೆ, ಬಹುಪಾಲು ಹೊಸಬರು, ಏಕೆಂದರೆ ಹಳಬರ ಪರಿಚಯವಾಗುವಷ್ಟರಲ್ಲಿ ಅವರಿಗೆ ವರ್ಗವಾಗಿರುತ್ತದೆ. ಸೂಪರ್‌ಮಾರ್ಕೆಟ್ಟಿನ ಕೇಕು ಕತ್ತರಿಸಲಾಗುತ್ತದೆ. ಹನ್ನೆರಡು ವರ್ಷದಲ್ಲಿ ಎಂಟು ಮನೆ ಬದಲಿಸಿದ ಹುಡುಗಿಯ ಸಮಸ್ತ ಚರಾಸ್ತಿಯನ್ನು ಎರಡು ಕಪ್ಪು ಕಸದ ಚೀಲಗಳಲ್ಲಿ ತುಂಬಿ ಗಂಟು ಹಾಕಲಾಗುತ್ತದೆ. ಸೂಟ್‌ಕೇಸು ಕೊಟ್ಟರೆ ಹಿಂದಿರುಗುವ ಪ್ರಯಾಣದ ಯೋಚನೆ ಬಂದೀತು. ಕಸದ ಚೀಲದಲ್ಲಿ ಆ ಗೊಂದಲವಿಲ್ಲ.

ಕೇಂದ್ರ ಸರ್ಕಾರದ ಸಂಕ್ರಮಣ ಭತ್ಯೆಯಂತೂ ಔದಾರ್ಯದ ಶಿಖರ: ಜೀವಮಾನಕ್ಕೆ ಒಂದೇ ಸಲ, ಹೆಚ್ಚೆಂದರೆ 1,500 ಡಾಲರ್, ಅದೂ ಕೇಸ್‌ವರ್ಕರ್ ಮೂಲಕ ಅರ್ಜಿ ಹೋದರೆ. ಅದರಲ್ಲಿ ಫ್ರಿಜ್ಜು ಕೊಳ್ಳಬಹುದು, ಮಂಚ ಕೊಳ್ಳಬಹುದು. ಅವನ್ನಿಡಲು ಮನೆ ಬೇಕೆಂಬ ಸಣ್ಣ ವಿವರವನ್ನು ತಾವು ಎಳೆಯರ ಕಲ್ಪನಾಶಕ್ತಿಗೆ ಬಿಟ್ಟಿದ್ದೀರಿ. ಮನೆಯ ಏಜೆಂಟ್ ಹಿಂದಿನ ಮಾಲೀಕರ ಶಿಫಾರಸು ಪತ್ರ ಕೇಳುತ್ತಾನೆ. ಹಿಂದಿನ ಮಾಲೀಕರೆಂದರೆ ಮಂತ್ರಿ. ಗುರುತು ತೋರಿಸಲು ನೂರು ಅಂಕ ಬೇಕು: ಜನನ ಪ್ರಮಾಣಪತ್ರಕ್ಕೆ 70, ಮೆಡಿಕೇರ್ ಕಾರ್ಡಿಗೆ 25, ಒಟ್ಟು 95. ಇನ್ನೈದು ಅಂಕಕ್ಕೆ ಕರೆಂಟ್ ಬಿಲ್ ಆದೀತು, ಕರೆಂಟ್ ಬಿಲ್ಲಿಗೆ ಮನೆಯಾಗಬೇಕು. ಮೋರಿ, ವಾಲ್ಗೆಟ್‌ನಂಥ ಊರುಗಳಲ್ಲಿ ಕೆಲಸಕ್ಕೆ ಹೋಗಲು ಕಾರು ಓಡಿಸಲು ಬರಬೇಕು. ನ್ಯೂ ಸೌತ್ ವೇಲ್ಸ್‌ನಲ್ಲಿ ಕಿರಿಯರು ಲೈಸೆನ್ಸ್ ಪಡೆಯಬೇಕಾದರೆ ಪಕ್ಕದಲ್ಲಿ ನುರಿತವರನ್ನು ಕೂರಿಸಿಕೊಂಡು 120 ಗಂಟೆ ಓಡಿಸಿದ ಲಾಗ್‌ಬುಕ್ ತೋರಿಸಬೇಕು. ಆ ಪಕ್ಕದ ಸೀಟಿನಲ್ಲಿ ಕೂರುವವರು ಯಾರು? ಯಾರೂ ಇಲ್ಲ. ಯಾರೂ ಇಲ್ಲದೆ ನಡೆಯುವುದನ್ನೇ ಅಲ್ಲವೇ ಸ್ವಾವಲಂಬನೆ ಎನ್ನುವುದು! ಸಾಕುಮನೆಯಿಂದ ಹೊರಬಂದವರನ್ನು ಅಂಥ ಮಕ್ಕಳ ಪರ ಸಂಸ್ಥೆಯಾದ ಕ್ರಿಯೇಟ್ ಫೌಂಡೇಷನ್ 2009ರಲ್ಲಿ ಮಾತಾಡಿಸಿದಾಗಲೂ, 2020ರಲ್ಲಿ ಮಾತಾಡಿಸಿದಾಗಲೂ, ಸುಮಾರು ಮೂರನೇ ಒಂದು ಭಾಗದಷ್ಟು ಮಂದಿ ಮೊದಲ ವರ್ಷದಲ್ಲೇ ಸೂರಿಲ್ಲದ ಸ್ಥಿತಿ ಕಂಡಿದ್ದರು. ದಶಕ ಕಳೆದರೂ ಗುಣಮಟ್ಟವನ್ನು ಹೀಗೆ ಕಾಯ್ದುಕೊಳ್ಳುವುದು ಹುಡುಗಾಟದ ಮಾತಲ್ಲ.

ದೃಢಸಂಕಲ್ಪರೇ,

ತಮ್ಮ ಈ ತಪಸ್ಸಿಗೆ ವಿಘ್ನಗಳು ಬಾರದೆ ಇರಲಿಲ್ಲ. ಆಸರೆಯನ್ನು ಇಪ್ಪತ್ತೊಂದರವರೆಗೆ ವಿಸ್ತರಿಸಿ ಎಂದು 'ಹೋಮ್ ಸ್ಟ್ರೆಚ್' ಎಂಬ ಚಳವಳಿ ಹುಟ್ಟಿಕೊಂಡಿತು. ವಿಕ್ಟೋರಿಯಾ ರಾಜ್ಯ 2021ರಿಂದ ಒಪ್ಪಿಕೊಂಡಿತು, ಬೇರೆ ರಾಜ್ಯಗಳೂ ಒಂದೊಂದಾಗಿ ಮೆತ್ತಗಾದವು. ಹಾಗೆಂದು ತತ್ವವನ್ನು ಪೂರ್ತಿ ಕೈಬಿಟ್ಟಿಲ್ಲವೆಂಬುದೇ ಸಮಾಧಾನ: ಸಾಕಿದವರು ಇರಿಸಿಕೊಳ್ಳಲು ಒಪ್ಪಿದರೆ ಭತ್ಯೆ ಉಂಟು, ಆದರೆ ಇರಿಸಿಕೊಳ್ಳುವವರೇ ಇಲ್ಲದ ಮಕ್ಕಳಿಗೆ, ಪಾಳಿಯ ಮೇಲೆ ಸಿಬ್ಬಂದಿ ಬಂದುಹೋಗುವ ಇಲಾಖೆಯ ಮನೆಗಳಲ್ಲಿ ಬೆಳೆದವರಿಗೆ, ಹಣ ದೊರೆತರೂ ಅದೇ ಮನೆಯ ಅದೇ ಹಾಸಿಗೆ ಉಳಿಯುವ ಭರವಸೆಯಿಲ್ಲ. ಯಾರಿಗೆ ಆಸರೆ ತೀರ ಕಡಿಮೆಯೋ ಅವರಿಗೇ ಸ್ವಾತಂತ್ರ್ಯ ಮೊದಲು ಎಂಬ ತಮ್ಮ ನ್ಯಾಯ ಇನ್ನೂ ಜೀವಂತವಾಗಿದೆ.

ಇನ್ನೊಂದು ವಿಘ್ನ ಮೂಲನಿವಾಸಿಗಳೇ ನಡೆಸುವ ಸಂಸ್ಥೆಗಳದು. ನಮ್ಮ ಮಕ್ಕಳ ಹೊಣೆ ನಮಗೇ ಕೊಡಿ, ಹದಿನೆಂಟಾದ ಮೇಲೂ ನಾವು ಅವರ ದೊಡ್ಡಪ್ಪ ದೊಡ್ಡಮ್ಮಂದಿರಾಗಿಯೇ ಇರುತ್ತೇವೆ, ನಮ್ಮ ಸಂಬಂಧಕ್ಕೆ ಕೊನೆಯ ತಾರೀಖು ಇಲ್ಲ ಎಂಬುದು ಅವರ ಹಟ. ವಿಕ್ಟೋರಿಯಾದಲ್ಲಿ ಅದಕ್ಕೆ ಅವಕಾಶ ಕೊಡುವ ಸೆಕ್ಷನ್ 18 ಎಂಬುದು 2005ರ ಕಾಯಿದೆಯಲ್ಲೇ ಇತ್ತು. ತಾವು ದುಡುಕಲಿಲ್ಲ, ಹನ್ನೆರಡು ವರ್ಷ ಯೋಚಿಸಿ, 2017ರಲ್ಲಿ ಮೊದಲ ಬಾರಿಗೆ ಅಲ್ಲಿನ ವಿಕ್ಟೋರಿಯನ್ ಅಬಾರಿಜಿನಲ್ ಚೈಲ್ಡ್ ಕೇರ್ ಏಜೆನ್ಸಿಗೆ ಕೆಲವು ಮಕ್ಕಳ ಪೂರ್ಣ ಹೊಣೆ ಒಪ್ಪಿಸಿದಿರಿ. ಇಂಥ ಸಂಸ್ಥೆಗಳ ಮೇಲೆ ಕಣ್ಣಿಡಬೇಕಾದ್ದು ನಿಜ. ಅವು ನೆಂಟರನ್ನು ಹುಡುಕುತ್ತ ಊರೂರು ಅಲೆಯುತ್ತವೆ, ಕುಟುಂಬವೃಕ್ಷ ಬರೆಯುತ್ತವೆ, ಸಾಧ್ಯವಾದರೆ ಮಕ್ಕಳನ್ನು ಮನೆಗೇ ಹಿಂದಿರುಗಿಸಿಬಿಡುತ್ತವೆ. ಎಲ್ಲರೂ ಹೀಗೆ ಮಾಡತೊಡಗಿದರೆ ಇಲಾಖೆಯ ಗತಿಯೇನು?

ವಿನಯಭೂಷಣರೇ,

ತಮ್ಮ ಗುಣಗಳಲ್ಲೆಲ್ಲ ಶ್ರೇಷ್ಠವಾದದ್ದನ್ನು ಕೊನೆಗೆ ಇರಿಸಿಕೊಂಡಿದ್ದೇವೆ. ತಮ್ಮ ಆಶ್ರಯದಿಂದ ಹೊರಬಂದ ಹುಡುಗಿ ಹತ್ತೊಂಬತ್ತಕ್ಕೋ ಇಪ್ಪತ್ತಕ್ಕೋ ಬಸುರಿಯಾದಳೆನ್ನಿ. ಅವಳಿಗೆ ಮನೆಯಿಲ್ಲದಾಗ, ಲೈಸೆನ್ಸ್ ಇಲ್ಲದಾಗ, ಐದು ಅಂಕ ಕಡಿಮೆಯಿದ್ದಾಗ ತಾವು ಅವಳ ಖಾಸಗಿ ಬದುಕಿನಲ್ಲಿ ತಲೆಹಾಕಲಿಲ್ಲ. ಈಗ ಮಾತ್ರ ಹಳೆಯ ನಂಟು ಥಟ್ಟನೆ ನೆನಪಾಗುತ್ತದೆ. ಹುಟ್ಟಲಿರುವ ಮಗುವಿನ ಬಗ್ಗೆಯೂ ದೂರು ದಾಖಲಿಸಬಹುದೆಂದು ನ್ಯೂ ಸೌತ್ ವೇಲ್ಸ್‌ನ 1998ರ ಕಾಯಿದೆಯ 25ನೇ ಸೆಕ್ಷನ್ ಅನುವು ಮಾಡಿಕೊಟ್ಟಿದೆ. ಹೀಗಾಗಿ ಲೋಕದ ಯಾವ ಅಜ್ಜಿಗೂ ಸಿಕ್ಕದ ಮುಂಚಿತ ಸುದ್ದಿ ತಮಗೆ ಸಿಕ್ಕುತ್ತದೆ. ಆಗ ತಾಯಿಯ ಯೋಗ್ಯತೆಯನ್ನು ತೂಗುತ್ತೀರಿ, ತೂಗುವಾಗ ಅವಳು ಬಾಲ್ಯವನ್ನು ಸಾಕುಮನೆಗಳಲ್ಲಿ ಕಳೆದವಳೆಂಬುದನ್ನು ಅಪಾಯದ ಲಕ್ಷಣವೆಂದು ಗುರುತು ಹಾಕಿಕೊಳ್ಳುತ್ತೀರಿ.

ಇದನ್ನು ಓದಿದಾಗ ನಮಗೆ ಮಾತೇ ಹೊರಡಲಿಲ್ಲ. ಲೋಕದಲ್ಲಿ ತಾನು ಸಾಕಿದ ಮಗಳನ್ನು ಹೊಗಳಿಕೊಳ್ಳದ ತಾಯಿಯಿಲ್ಲ. ಹೆತ್ತವಳ ಕೈಯಲ್ಲಿ ಬೆಳೆದರೆ ಕೆಟ್ಟಾಳೆಂದು ಅವಳನ್ನು ಎತ್ತಿಕೊಂಡು ಹೋಗಿ, ಹದಿನೆಂಟರವರೆಗೆ ಕೋರ್ಟಿನ ಮುದ್ರೆಯೊಡನೆ ತಾವೇ ಬೆಳೆಸಿ, ಕೊನೆಗೆ ನಾವು ಬೆಳೆಸಿದವಳೆಂಬ ಕಾರಣಕ್ಕೇ ಇವಳ ಕೈಗೆ ಮಗುವನ್ನು ಕೊಡಲು ನಮಗೆ ಧೈರ್ಯವಿಲ್ಲ ಎಂದು ಸರ್ಕಾರಿ ಫಾರಂನಲ್ಲಿ ಬರೆದುಕೊಡುವ ವಿನಯ, ತನ್ನ ಕೆಲಸದ ಬಗ್ಗೆ ಇಂಥ ನಿರ್ದಾಕ್ಷಿಣ್ಯ ಪ್ರಾಮಾಣಿಕತೆ, ಬೇರೆ ಯಾವ ಸಾಕುತಾಯಿಯಲ್ಲಿ ಕಂಡೀತು?

ಸನ್ಮಾನ್ಯರೇ,

ತಮಗೆ ಶಾಲು ಹೊದಿಸಿ, ಹಾರ ಹಾಕಿ, ಫಲತಾಂಬೂಲ ಸಮರ್ಪಿಸಿ ನಾವು ಬೇಡುವುದಿಷ್ಟೇ. ತಮ್ಮ ಕಪಾಟುಗಳು ಇನ್ನಷ್ಟು ವರದಿಗಳಿಂದ ಬೆಳಗಲಿ. 2031 ಬಂದಾಗ 2041 ಎಂಬ ಹೊಸ ಗುರಿ ಸಿದ್ಧವಿರಲಿ. ಅಜ್ಜಿಯನ್ನು ಕೂಟಮಂಡ್ರಾದಲ್ಲಿ, ಮಗಳನ್ನು ಫಾಸ್ಟರ್ ಮನೆಯಲ್ಲಿ, ಮೊಮ್ಮಗುವನ್ನು ಹೆರಿಗೆ ವಾರ್ಡಿನಲ್ಲಿ ಎತ್ತಿಕೊಂಡ ತಮ್ಮ ಕೈಗಳಿಗೆ ಎಂದೂ ಬಿಡುವು ಸಿಗದಿರಲಿ. ತಮ್ಮ ಮನೆ ಸದಾ ಮಕ್ಕಳಿಂದ ತುಂಬಿರಲಿ.

ಇಂತು ತಮ್ಮ ವಿಧೇಯ,
ಗುಣಪಕ್ಷಪಾತಿಯಾದ ಅಭಿಮಾನಿ